ಉಂಬಳಕ್ಕೆ ಐದು ನಿಮಿಷ

ಗಣಪಣ್ಣನ ಗೋಡೌನಿನಲ್ಲಿ ಆ ಭಾನುವಾರ ತುಷಾರ ತನ್ನ ಹೊಸ ಹಾಡನ್ನು ಗಿಟಾರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಬಾರಿಸಿ, ಬೆವರು ಒರೆಸಿಕೊಂಡು ತಲೆ ಎತ್ತಿದ. ಡ್ರಮ್ಮುಗಳ ಹಿಂದೆ ಕೂತಿದ್ದ ಸಂಜಯ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ:

“ಮುಗೀತಾ, ಇನ್ನೂ ಉಂಟಾ?”

“ಮುಗೀತು. ಹನ್ನೊಂದು ನಿಮಿಷ. ಹೆಂಗಿತ್ತು?”

“ಭಾರ ಉಂಟು. ಆದ್ರೆ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ತಿಳೀಲಿಲ್ಲ ಮಾರಾಯ. ಘಟ್ಟದಾಗೆ ಲಾರಿ ಬ್ರೇಕ್ ಇಲ್ದೆ ಬಂದಂಗೆ ಬಂತು, ಹೋಯ್ತು.”

ತುಷಾರ ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಬ್ರೇಕಿಲ್ಲದ ಲಾರಿಯಂತೆ ಕೇಳಬೇಕೆಂದೇ ಅವನು ಏಳು ವರ್ಷದಿಂದ ಬೆರಳು ಸವೆಸಿದ್ದ. ೧೯೯೮ರಲ್ಲಿ ಹುಬ್ಬಳ್ಳಿಯ ರಸ್ತೆ ಬದಿಯಲ್ಲಿ ಮುಖಪುಟ ಹರಿದ ಒಂದು ಕ್ಯಾಸೆಟ್ ಕೊಂಡು ತಂದು ಇಸಳೂರಿನ ಮನೆಯಲ್ಲಿ ಹಾಕಿದಾಗ, ಟೇಪ್‌ರೆಕಾರ್ಡರೇ ಕೆಟ್ಟಿದೆ ಎಂದುಕೊಂಡು ಬಿಚ್ಚಿ ನೋಡಿದ್ದ. ಕೆಟ್ಟಿರಲಿಲ್ಲ. ಅದು ಬ್ರೂಟಲ್ ಡೆತ್ ಮೆಟಲ್ ಎಂಬ ಸಂಗೀತ. ತಂತಿ ಸಡಿಲಿಸಿ ನೆಲದಡಿಯಿಂದ ಬಂದಂತೆ ಕೇಳಿಸುವ ಗಿಟಾರು, ಎರಡೂ ಕಾಲಲ್ಲಿ ಓಡುವ ಡ್ರಮ್ಮು, ಹಾಡುವವರ ಗಂಟಲಿನಿಂದ ಮಾತಿನ ಬದಲು ಗುರುಗುಡುವಿಕೆ. ಅಂದಿನಿಂದ ಅವನಿಗೆ ಬೇರೆ ಯಾವುದೂ ರುಚಿಸಲಿಲ್ಲ. ಹಗಲು ಶಿರಸಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಟ್ಯಾಲಿ ಕಲಿಸುತ್ತಿದ್ದ. ಸಂಜೆ ಸೈಬರ್ ಕೆಫೆಯಲ್ಲಿ ಪೋಲೆಂಡಿನದೋ ಕೊಲಂಬಿಯಾದ್ದೋ ಬ್ಯಾಂಡಿನ ಒಂದು ಹಾಡು ಇಳಿಯುವವರೆಗೆ ಕುರ್ಚಿಯ ತುದಿಯಲ್ಲಿ ಕಾದು ಕೂರುತ್ತಿದ್ದ.

ಸಂಜಯ ಸಿದ್ದಾಪುರದ ಹತ್ತಿರದ ಮನ್ಮನೆಯವನು. ಮನೆಯಲ್ಲಿ ಗದ್ದೆ, ತೋಟದ ಕೆಲಸ. ಮದುವೆಯ ಸೀಸನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ಒಂದು ರಿಸೆಪ್ಷನ್ನಿನಲ್ಲಿ ಅವನ ಕಾಲಿನ ಓಟ ನೋಡಿದ ತುಷಾರ ಊಟ ಬಿಟ್ಟು ವೇದಿಕೆಯ ಹಿಂದೆ ಹೋಗಿ ಹಿಡಿದುಕೊಂಡಿದ್ದ. ಮೂರನೆಯವಳು ಅಭಿಜ್ಞಾ. ತುಷಾರನ ಚಿಕ್ಕಮ್ಮನ ಮಗಳು, ಯಲ್ಲಾಪುರದವಳು, ಅಲ್ಲಿಯೇ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಭಾವಗೀತೆಗೆ ಬಹುಮಾನ ತಂದವಳು, ಅಣ್ಣ ಕೊಟ್ಟ ಸಿ.ಡಿ. ಕೇಳಿ ಗುರುಗುಡುವುದನ್ನು ಕಲಿಯಲು ಹಟ ಹಿಡಿದಳು. ಅವಳ ಅಭ್ಯಾಸ ಕೇಳದಿರಲೆಂದು ತಾಯಿ ಸೀತಾ ಮಿಕ್ಸರ್ ಹಾಕುತ್ತಿದ್ದರು. ಆದರೂ ಪಕ್ಕದ ಮನೆಯವರು “ನಿಮ್ಮ ನಾಯಿಗೆ ಹುಷಾರಿಲ್ವಾ?” ಎಂದು ಕೇಳಿದ್ದುಂಟು. ಅವರ ಮನೆಯಲ್ಲಿ ನಾಯಿಯೇ ಇರಲಿಲ್ಲ.

ಗಣಪಣ್ಣ ಮದುವೆ ಮುಂಜಿಗಳಿಗೆ ಮೈಕ್ ಸೆಟ್, ಶಾಮಿಯಾನ, ಅಡುಗೆಯ ಪಾತ್ರೆ ಬಾಡಿಗೆಗೆ ಕೊಡುವವನು. ಮಳೆಗಾಲದಲ್ಲಿ ಮದುವೆ ಇಲ್ಲ. ಶಿರಸಿಯ ಹೊರಗೆ ಯಲ್ಲಾಪುರ ರಸ್ತೆಯಲ್ಲಿದ್ದ ಅವನ ಗೋಡೌನು ಖಾಲಿ. “ಸ್ಪೀಕರ್ ಸುಮ್ನೆ ಬಿದ್ರೆ ಇಲಿ ಕಡೀತದೆ, ನೀವೇ ಕಡೀರಿ” ಎಂದು ಬೀಗದ ಕೈ ಕೊಟ್ಟಿದ್ದ. ಬ್ಯಾಂಡಿಗೆ ಅವರು ‘ಕೊಳೆ’ ಎಂದು ಹೆಸರಿಟ್ಟುಕೊಂಡಿದ್ದರು.

ಅದು ೨೦೦೫ರ ಮಳೆಗಾಲ. ಹನ್ನೊಂದು ನಿಮಿಷದ ಹಾಡಿನ ಬಗ್ಗೆ ಮಾತು ಮುಗಿಯುವ ಮೊದಲೇ ಯಲ್ಲಾಪುರದ ಬಸ್ಸಿಳಿದು ಅಭಿಜ್ಞಾ ಒಳಗೆ ಬಂದಳು. ಕೊಡೆಯನ್ನೂ ಮಡಚದೆ ಹೇಳಿದಳು:

“ಅಣ್ಣ, ನಮ್ಮ ಕಾಲೇಜಿನ ವಾರ್ಷಿಕ ಗ್ಯಾದರಿಂಗಲ್ಲಿ ನಂಗೊ ಮೂರೂ ಜನಕ್ಕೆ ಅವಕಾಶ ಕೊಟ್ಟ. ಜನವರಿಲಿ.”

ಸಂಜಯ ಎದ್ದು ನಿಂತ. ಅವರು ಮೂವರೂ ಇಲ್ಲಿಯವರೆಗೆ ಶಾಮಿಯಾನದ ಕಂಬಗಳ ಮುಂದೆ ಮಾತ್ರ ಬಾರಿಸಿದ್ದರು.

“ಆದ್ರೆ ಕಾರ್ಯಕ್ರಮ ನೋಡ್ಕಂಬ ಶಿವಪುತ್ರಪ್ಪ ಸರ್ ಐದೇ ನಿಮಿಷ ಹೇಳಿದ್ರು. ಐದು ನಿಮಿಷ ಆದ್ರೆ ಗಂಟೆ ಹೊಡೀತ್ರಡ.”

“ಹನ್ನೊಂದರಲ್ಲಿ ಆರು ಕಡಿಯೂದು,” ಎಂದ ಸಂಜಯ. “ಎಲ್ಲಿ ಕಡಿಯೂದು?”

“ಎಲ್ಲೂ ಕಡಿಯಲು ಬರ್ತಿಲ್ಲೆ,” ಎಂದ ತುಷಾರ. “ಇಪ್ಪತ್ತು ರಿಫ್ ಇದ್ದು. ಒಂದಕ್ಕೊಂದು ಕೂಡ್ಸಿದ್ದಿ.”

ರಿಫ್ ಎಂದರೆ ಗಿಟಾರಿನ ಒಂದು ತುಣುಕು, ಹಾಡಿನ ಇಟ್ಟಿಗೆ. ಇಪ್ಪತ್ತು ಇಟ್ಟಿಗೆಗಳ ಆ ರಾಶಿಯನ್ನು ತಂಗಿಗೆ ಕೇಳಿಸಲೆಂದು ಅವನು ಮತ್ತೆ ಪ್ಲಗ್ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಎಲ್ಲೋ ತಂತಿಯ ಮೇಲೆ ಮರ ಬಿದ್ದಿತ್ತು.

“ಹಂಗೇ ಬಾರ್ಸು,” ಎಂದಳು ಅಭಿಜ್ಞಾ. “ಆನು ಹತ್ರ ಕೂತು ಕೇಳ್ತೆ.”

ಗಿಟಾರಿನ ದನಿಯನ್ನು ಒಡೆದು ಗರಗಸ ಮಾಡುವ ಪೆಡಲ್ ಇಲ್ಲ, ಗಣಪಣ್ಣನ ಎದೆಮಟ್ಟದ ಸ್ಪೀಕರ್ ಇಲ್ಲ. ಬರೀ ತಂತಿಯ ಟಿಣಿಟಿಣಿ. ತುಷಾರ ಬಾರಿಸುತ್ತ ಹೋದಂತೆ ಅವನ ಮುಖ ಇಳಿಯಿತು. ಅಭಿಜ್ಞಾ ಕಿವಿಯನ್ನು ಗಿಟಾರಿಗೆ ತಾಗಿಸಿಕೊಂಡು ಕೇಳುತ್ತಿದ್ದಳು. ಮುಗಿದ ಮೇಲೆ ನಿಧಾನವಾಗಿ ಹೇಳಿದಳು:

“ಎರಡನೇದು, ಐದನೇದು, ಒಂಬತ್ತನೇದು ಮೂರೂ ಒಂದೇ ಅಲ್ದ?”

“ಐದನೇದರಲ್ಲಿ ಒಂದು ಸ್ವರ ಮೇಲೆ ಇದ್ದು.”

“ಇದ್ದು. ಅಂಗಿ ಬದಲಾಶಿದ್ದೆ, ಅಷ್ಟೇಯ. ಒಳಗಿಪ್ಪ ಜೀವ ಒಂದೇ.”

ತುಷಾರ ಗಿಟಾರನ್ನು ಚೀಲಕ್ಕೆ ಹಾಕಿದ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಟಿಣಿಟಿಣಿ ಅವನ ತಲೆಯಲ್ಲಿತ್ತು. ಇಷ್ಟು ದಿನ ತಾನು ಹಾಡು ಮಾಡಿದ್ದೇನೆ ಎಂದುಕೊಂಡಿದ್ದ; ಮಾಡಿದ್ದು ಸದ್ದು ಮಾತ್ರವೇ ಎಂಬ ಅನುಮಾನ ಮೊದಲ ಸಲ ಬಂತು. ಆದರೆ ಅವನು ಕುಗ್ಗಿ ಕೂರುವ ಜಾತಿಯವನಲ್ಲ. ಅನುಮಾನವೇ ಅವನಿಗೆ ಉರಿ ಹಚ್ಚಿತು. ಕೆಲವು ವಾರ ಯಾರಿಗೂ ಸಿಗಲಿಲ್ಲ. ಪ್ಲಗ್ ಹಾಕದೆಯೇ ಕೂತು, ಬರಿಯ ತಂತಿಯಲ್ಲಿಯೇ ಚಂದ ಕೇಳಬೇಕೆಂದು ಒಂದು ಹೊಸ ರೂಪ ಕಟ್ಟಿದ. ಏರುವ ಇಳಿಯುವ ರಾಗ, ಬಳುಕುವ ತಿರುವು, ನಡುವೆ ಒಂದು ಕೊಂಡಿ. ಐದು ನಿಮಿಷಕ್ಕೆ ಸರಿಯಾಗಿ ಮುಗಿಯುತ್ತಿತ್ತು.

ಗೋಡೌನಿನಲ್ಲಿ ಅದನ್ನು ಕೇಳಿ ಸಂಜಯ ಹೇಳಿದ: “ಚಂದ ಉಂಟು. ನಮ್ಮ ಆರ್ಕೆಸ್ಟ್ರಾದಾಗೆ ಮದುಮಕ್ಕಳು ಸ್ಟೇಜ್ ಹತ್ತೂವಾಗ ಬಾರಿಸ್ಬಹುದು.”

ತುಷಾರನ ಕಿವಿ ಕೆಂಪಾಯಿತು. “ಮೊನ್ನೆ ಹಾಡೇ ಅಲ್ಲ ಅಂದ್ರಿ. ಇವತ್ತು ಹಾಡು ತಂದ್ರೆ ಮದುವೆ ಅಂತಿ. ನಿಂಗೆ ಎಂತ ಬೇಕು?”

“ನಂಗೆ ಹೊಟ್ಟೆಗೆ ಗುದ್ದಬೇಕು. ಮೊದಲಿನ ಹಾಡಿಗೆ ಆ ಕೊಪ್ಪರಿಗೆ ಆದ್ರೂ ಗುಂಯ್ ಅಂತಿತ್ತು. ಇದಕ್ಕೆ ಅದೂ ನಿದ್ದೆ ಹೋಗ್ಯದೆ.”

ಗೋಡೆಗೆ ಒರಗಿಸಿಟ್ಟ ತಾಮ್ರದ ದೊಡ್ಡ ಕೊಪ್ಪರಿಗೆಗಳು ನಿಜವಾಗಿಯೂ ಸುಮ್ಮನಿದ್ದವು. ಗಿಟಾರಿನ ಕೆಳಗಿನ ತಂತಿ ಸರಿಯಾಗಿ ಮೊಳಗಿದರೆ ಅವು ತಾವಾಗಿಯೇ ನಡುಗಿ ದನಿಗೂಡಿಸುತ್ತಿದ್ದವು.

“ಭಾರವೇ ಬೇಕಾದ್ರೆ ಅದನ್ನೇ ತಲೆ ಮೇಲೆ ಹೊತ್ಕ,” ಎಂದ ತುಷಾರ, ಗಿಟಾರನ್ನು ಚೀಲಕ್ಕೆ ತುಂಬಿ ಹೊರಟುಹೋದ. ಅಭಿಜ್ಞಾ ಇಬ್ಬರಿಗೂ ಬೈದಳು. ಅವಳಿಗೆ ಇಬ್ಬರೂ ಸರಿ ಎನಿಸಿದ್ದೇ ಕಷ್ಟಕ್ಕೆ ಬಂದಿತ್ತು.

ಮುಂದಿನ ಭಾನುವಾರ ತುಷಾರ ಬಂದ. ಆದರೆ ಗಿಟಾರು ತೆಗೆಯದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಸಂಜಯ ಮನ್ಮನೆಯಿಂದ ಮುಖ್ಯರಸ್ತೆಗೆ ಹಕ್ಕಲದ ಪೊದೆಗಳ ನಡುವಿನ ಒಳದಾರಿಯಲ್ಲಿ ನಡೆದು, ಬಸ್ಸು ಹಿಡಿದು ಬಂದಿದ್ದ. ಯಾರನ್ನೂ ಮಾತಾಡಿಸದೆ ಚಪ್ಪಲಿ ಕಳಚಿ, ಬರಿಗಾಲಲ್ಲಿ ಡ್ರಮ್ಮಿನ ಪೆಡಲ್ ತುಳಿಯತೊಡಗಿದ. ಸಿಟ್ಟಿನಲ್ಲಿ ಕಾಲು ಇನ್ನೂ ಚೆನ್ನಾಗಿ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಬಲಗಾಲು ಜಾರಿತು. ಮತ್ತೆ ಇಟ್ಟ. ಮತ್ತೆ ಜಾರಿತು. ಬಗ್ಗಿ ನೋಡಿದರೆ ಪೆಡಲ್ ಪೂರ್ತಿ ಕೆಂಪು.

“ಥೋ, ಉಂಬಳ,” ಎಂದ.

ಹಿಮ್ಮಡಿಯ ಮೇಲಿಂದ ನೆತ್ತರು ಸಣ್ಣ ಗೆರೆಯಾಗಿ ಇಳಿಯುತ್ತಿತ್ತು. ಕುಡಿದು ಕೊಬ್ಬಿದ ಆ ಜಿಗಣೆ ಡ್ರಮ್ಮಿನ ಕಾಲ ಬುಡದಲ್ಲಿ ನೇರಳೆ ಹಣ್ಣಿನಂತೆ ಬಿದ್ದುಕೊಂಡಿತ್ತು. ಪಾತ್ರೆ ಎಣಿಸಲು ಬಂದಿದ್ದ ಗಣಪಣ್ಣ ಎಲೆಯಡಕೆಯ ಕವಳದ ಸಂಚಿಯಿಂದ ಸುಣ್ಣ ತೆಗೆದು ಗಾಯಕ್ಕೆ ಒತ್ತಿದ. ಸುಣ್ಣವೂ ಕೆಂಪಾಯಿತು.

ಅಭಿಜ್ಞಾ ಉಂಬಳವನ್ನೇ ನೋಡುತ್ತಿದ್ದಳು. “ಸಂಜಯಣ್ಣ, ಅದು ಕಚ್ಚಿದಾಗ ಗೊತ್ತಾಯ್ತಾ?”

“ಎಲ್ಲಿ ಗೊತ್ತಾಗ್ತದೆ?”

“ಕುಡಿಯುವಾಗ?”

“ಇಲ್ಲ ಮಾರಾಯ್ತಿ. ಅದು ಬಿದ್ದು ಹೋದ ಮೇಲೇ ಅಲ್ವಾ ನೆತ್ತರು ಕಾಣೂದು. ಆಮೇಲೆ ನಿಲ್ಲೂದೇ ಇಲ್ಲ.”

ಅವಳು ತುಷಾರನ ಕಡೆ ತಿರುಗಿದಳು. ಕಣ್ಣುಗಳು ಅರಳಿದ್ದವು. “ಅಣ್ಣ, ನಾವು ಉಲ್ಟಾ ಮಾಡಿದ್ಯ. ಮೊದಲಿಂದ್ಲೂ ನೆತ್ತರು ಹರಿಸ್ತಾ ಇದ್ಯ. ಓಟ ಮೊದ್ಲೇ ಬಂದ್ರೆ ಯಾರಿಗೆ ಎಂತ ಅನ್ಸ್ತು? ಮೊದ್ಲು ಅದು ನಡ್ಕಂಡು ಬರ್ಬೇಕು. ಸದ್ದಿಲ್ದೆ ಹತ್ತವು. ಕುಡಿದು ಕುಡಿದು ಭಾರ ಆಗವು. ಬೀಳವು. ಆಮೇಲೆ ಓಟ.”

ತುಷಾರ ಕುರ್ಚಿಯಿಂದ ಜಿಗಿದ. ಗಿಟಾರಿನ ಚೀಲದ ಜಿಪ್ಪನ್ನು ಎಳೆದ ರಭಸಕ್ಕೆ ಅದು ಕಿತ್ತು ಕೈಗೆ ಬಂತು.

ಆ ಹಗಲು ಅವರು ಊಟಕ್ಕೂ ಏಳಲಿಲ್ಲ. ಉಂಬಳ ನಡೆಯುವುದನ್ನು ಆ ಸೀಮೆಯ ಯಾರೂ ವಿವರಿಸಬೇಕಾಗಿಲ್ಲ. ಮೈ ಉದ್ದ ಚಾಚುತ್ತದೆ, ಹಿಂದಿನದನ್ನು ಎಳೆದುಕೊಂಡು ಗಂಟಾಗುತ್ತದೆ, ಮತ್ತೆ ಚಾಚುತ್ತದೆ. ತುಷಾರ ಕೆಳತಂತಿಯಲ್ಲಿ ಒಂದು ಸ್ವರವನ್ನು ಚಾಚಿ ಹಿಡಿದ. ತಟ್ಟನೆ ನಾಲ್ಕು ಪುಟ್ಟ ಸ್ವರಗಳನ್ನು ಅಂಗೈಯಲ್ಲಿ ಅದುಮಿ ಗಂಟು ಹಾಕಿದ. ಇನ್ನೊಮ್ಮೆ. ಸಂಜಯ ಏನನ್ನೂ ಓಡಿಸದೆ ಗಂಟು ಬಿದ್ದಲ್ಲಿ ಮಾತ್ರ ಒಂದು ಒದೆ ಕೊಟ್ಟ. ಮೂರನೇ ಸುತ್ತಿಗೆ ಕೊಪ್ಪರಿಗೆಗಳು ಗುಂಯ್ ಎಂದವು. ಸಂಜಯ ಬಾರಿಸುತ್ತಲೇ ನಗತೊಡಗಿದ.

ಮದುಮಕ್ಕಳ ಹಾಡೆಂದು ಹಳಿಸಿಕೊಂಡ ರಾಗವನ್ನು ತುಷಾರ ಬಿಟ್ಟುಕೊಡಲಿಲ್ಲ. ಅದನ್ನು ಪಾತಾಳಕ್ಕೆ ಇಳಿಸಿ, ಅರ್ಧ ವೇಗಕ್ಕೆ ತಂದು, ಉಂಬಳ ಕುಡಿಯುವ ಭಾಗಕ್ಕೆ ಇಟ್ಟ. ಮೇಲಿದ್ದಾಗ ಬಳುಕುತ್ತಿದ್ದ ಅದೇ ರಾಗ ಕೆಳಗೆ ಬಂದಾಗ ಮೈಮೇಲೆ ಯಾರೋ ಹತ್ತಿ ಕೂತಂತಾಯಿತು.

“ಈಗ ಎಂತ ಹೇಳ್ತೆ?” ಎಂದು ಕೇಳಿದ.

“ಈಗ ಮದುಮಕ್ಕಳು ಸ್ಟೇಜ್ ಬಿಟ್ಟು ಓಡ್ತಾರೆ,” ಎಂದ ಸಂಜಯ.

ಮೊದಲು ಅವರ ಹಾಡಿಗೆ ಇಂಗ್ಲಿಷ್ ನಿಘಂಟಿನಿಂದ ಹೆಕ್ಕಿದ ಶವಾಗಾರ, ಕರುಳು, ಹುಳಗಳ ಸಾಲುಗಳಿದ್ದವು. ಮೂವರಲ್ಲಿ ಒಬ್ಬರೂ ಶವಾಗಾರ ನೋಡಿದವರಲ್ಲ. ಅಭಿಜ್ಞಾ ಅದನ್ನೆಲ್ಲ ಬಿಟ್ಟು ಅಲ್ಲೇ ಕೂತು ಹೊಸ ಸಾಲು ಹೇಳಿದಳು:

ಹತ್ತಿದ್ದು ತಿಳಿಯಲಿಲ್ಲ,
ಹೀರಿದ್ದು ತಿಳಿಯಲಿಲ್ಲ,
ಉದುರಿತು ಉಂಬಳ,
ನಿಲ್ಲಲಿಲ್ಲ ನೆತ್ತರು.

ಒಂದೇ ವಿಷಯಕ್ಕೆ ಜಗಳ ಉಳಿಯಿತು. ಉಂಬಳ ಬಿದ್ದ ಮೇಲೆ, ಓಟ ಶುರುವಾಗುವ ಮೊದಲು ಎಷ್ಟು ಹೊತ್ತು ಸುಮ್ಮನಿರಬೇಕು? ಸಂಜಯನಿಗೆ ಒಂದು ಉಸಿರು ಸಾಕಿತ್ತು. ಅಭಿಜ್ಞಾ ಇನ್ನೂ, ಇನ್ನೂ ಎನ್ನುತ್ತಿದ್ದಳು.

“ಅಷ್ಟು ಸುಮ್ನಿದ್ರೆ ಜನ ಹಾಡು ಮುಗೀತು ಅಂತ ಚಪ್ಪಾಳೆ ಹೊಡೀತಾರೆ.”

“ಹೊಡೀಲಿ,” ಎಂದಳು.

ಮಳೆ ಹೋಗಿ ಚಳಿ ಬಂತು. ಪ್ರತಿ ಭಾನುವಾರವೂ ಹಾಡು ಬದಲಾಗುತ್ತಿತ್ತು. ತುಷಾರ ಒಂದು ಚಂದದ ತಿರುವು ಸೇರಿಸಿದರೆ ಸಂಜಯ ಅದರಡಿಗೆ ಭಾರ ಇಡಲು ಜಾಗ ಕೇಳುತ್ತಿದ್ದ. ಸಂಜಯ ಓಟ ಹೆಚ್ಚಿಸಿದರೆ ಗಿಟಾರಿನ ಸ್ವರ ಕಲಸಿಹೋಗುತ್ತದೆಂದು ತುಷಾರ ಕೈ ಎತ್ತುತ್ತಿದ್ದ. ಇಬ್ಬರೂ ಬಿಟ್ಟುಕೊಟ್ಟಿದ್ದಕ್ಕಿಂತ ಇಬ್ಬರಿಗೂ ಸಿಕ್ಕಿದ್ದೇ ಹೆಚ್ಚು. ಮನೆಗೆ ಹೋಗುವ ಬಸ್ಸಿನಲ್ಲಿ ಸಂಜಯನ ಮೊಣಕಾಲುಗಳು ನಿಲ್ಲದೆ ಕುಣಿಯುತ್ತಿದ್ದವು. ಪಕ್ಕದಲ್ಲಿ ಕೂತವರು ಎದ್ದು ಹೋಗುತ್ತಿದ್ದರು.

ಜನವರಿಯಲ್ಲಿ ಗ್ಯಾದರಿಂಗಿನ ಆಮಂತ್ರಣ ಪತ್ರಿಕೆ ಬಂತು. ಫ್ಯಾನ್ಸಿ ಡ್ರೆಸ್ಸಿಗೂ ಸಿನಿಮಾ ನೃತ್ಯಕ್ಕೂ ನಡುವೆ ಅಚ್ಚಾಗಿತ್ತು: ‘ಕೊಳಲು ತಂಡ, ಶಿರಸಿ.’ ಕೊಳೆ ಎಂಬುದು ತಪ್ಪಿರಬೇಕೆಂದು ಅಚ್ಚು ಹಾಕಿದವರು ತಿದ್ದಿದ್ದರು. ಅಭಿಜ್ಞಾ ಶಿವಪುತ್ರಪ್ಪ ಸರ್ ಬಳಿಗೆ ಓಡಿದಳು. ಹಾವೇರಿ ಕಡೆಯವರಾದ ಅವರು ಸಾಂಸ್ಕೃತಿಕ ವಿಭಾಗದ ಮುಖ್ಯಸ್ಥರು.

“ಕೊಳಿ ಅಂದ್ರ ಏನವ್ವಾ?”

“ಅಡಕೆಗೆ ಬರ್ತದಲ್ಲ ಸರ್, ಕೊಳೆರೋಗ. ಆ ಕೊಳೆ.”

ಅವರು ಕನ್ನಡಕ ತೆಗೆದು ಒರೆಸಿದರು. “ಇರ್ಲಿ ಬಿಡು. ಕೊಳಲೇ ಛಲೋ ಐತಿ. ಐದು ನಿಮಿಷ ಅಂದ್ರ ಐದೇ ನಿಮಿಷ ನೋಡು ಮತ್ತ.”

ಗ್ಯಾದರಿಂಗಿನ ದಿನ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಕೊಳಲು ಕೇಳಲೆಂದೇ ಬಂದ ಕೆಲವು ಹಿರಿಯರು, ಅವರ ಪಕ್ಕದಲ್ಲಿ ಅಭಿಜ್ಞಾಳ ತಾಯಿ ಸೀತಾ. ಗಣಪಣ್ಣ ತನ್ನ ಟೆಂಪೋದಲ್ಲಿ ಸ್ಪೀಕರುಗಳನ್ನು ತಂದು ತಾನೇ ಜೋಡಿಸಿದ್ದ. ಪರದೆ ಸರಿದಾಗ ಕಪ್ಪು ಅಂಗಿಯ ಇಬ್ಬರು ಗಂಡಸರು, ನಡುವೆ ಚೂಡಿದಾರದ ಒಬ್ಬ ಹುಡುಗಿ. ಕೊಳಲು ಎಲ್ಲಿಯೂ ಇರಲಿಲ್ಲ.

ಉಂಬಳ ನಡೆದು ಬರತೊಡಗಿತು. ಮೊದಲ ಗಂಟಿಗೇ ಕಿಟಕಿಯ ಗಾಜುಗಳು ಕಂಪಿಸಿದವು. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಅಭಿಜ್ಞಾ ಮೈಕನ್ನು ತುಟಿಗೆ ತಂದು ಮೊದಲ ಸಾಲನ್ನು ಗುರುಗುಟ್ಟಿದಾಗ ಇಡೀ ಸಭೆ ನಕ್ಕಿತು. ಹಿಂದಿನ ಸಾಲಿನ ಹುಡುಗರು ಬೊಗಳಿದರು. ಅವಳು ಕದಲಲಿಲ್ಲ. ತುಷಾರನ ರಾಗ ಕೆಳಗಿಳಿದು ಭಾರವಾಗುತ್ತ ಬಂದಂತೆ ನಗು ಎಲ್ಲಿಯೋ ಸೋರಿಹೋಯಿತು. ಬೆಂಚುಗಳು ನಡುಗುತ್ತಿದ್ದವು. ಕೂತವರ ಎದೆಯೊಳಗೂ ಅದೇ ನಡುಕ. ಒಬ್ಬ ಅಜ್ಜ ಕಿವಿ ಮುಚ್ಚಿಕೊಂಡಿದ್ದರು. ಅವರ ಪಾದ ಮಾತ್ರ ನೆಲ ಬಡಿಯುತ್ತಿತ್ತು.

“ಉದುರಿತು ಉಂಬಳ,” ಎಂದಳು ಅಭಿಜ್ಞಾ. ಎಲ್ಲವೂ ನಿಂತಿತು.

ಒಂದು ಉಸಿರು. ಎರಡು. ಮುಗಿಯಿತೆಂದುಕೊಂಡು ಮುಂದಿನ ಸಾಲಿನವರು ನೆಮ್ಮದಿಯಿಂದ ಚಪ್ಪಾಳೆ ತಟ್ಟತೊಡಗಿದರು. ಶಿವಪುತ್ರಪ್ಪ ಸರ್ ನಗುತ್ತ ಎದ್ದು ಮೈಕಿನ ಕಡೆ ಹೊರಟರು. ಅವರು ವೇದಿಕೆಯ ಮೆಟ್ಟಿಲ ಮೇಲೆ ಕಾಲಿಟ್ಟಾಗ ಸಂಜಯ ಎರಡೂ ಕಾಲು, ಎರಡೂ ಕೈ ಒಟ್ಟಿಗೇ ಬಿಟ್ಟ.

ಸರ್ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹಿಂದಿನ ಸಾಲುಗಳು ಒಮ್ಮೆಗೇ ಎದ್ದವು. ಇಂಥ ಸಂಗೀತಕ್ಕೆ ಹೇಗೆ ತಲೆ ಬೀಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಗಣೇಶನನ್ನು ಬಿಡುವ ದಿನದ ಕುಣಿತವನ್ನೇ ಕುಣಿದರು. ತುಷಾರನ ಬೆರಳುಗಳು ತನ್ನವೇ ಅಲ್ಲ ಎನ್ನುವಂತೆ ಓಡುತ್ತಿದ್ದವು. ಅಷ್ಟು ಓಟದಲ್ಲಿಯೂ ಒಂದೊಂದು ಸ್ವರ ಬೇರೆ ಬೇರೆ ಕೇಳುತ್ತಿರುವುದು ಅವನಿಗೇ ಆಶ್ಚರ್ಯವಾಯಿತು. ಕೊನೆಗೆ ಮೊದಲಿನ ನಡಿಗೆ ಮತ್ತೆ ಬಂತು, ಇನ್ನೂ ನಿಧಾನವಾಗಿ, ಇನ್ನೂ ಭಾರವಾಗಿ. ಹಾಡು ನಿಂತಿತು. ಯಾರೂ ಗಂಟೆ ಬಾರಿಸಲಿಲ್ಲ.

“ಒನ್ಸ್ ಮೋರ್” ಎಂಬ ಕೂಗು ಸಭಾಂಗಣದ ಮಾಡಿಗೆ ಬಡಿಯಿತು. ಶಿವಪುತ್ರಪ್ಪ ಸರ್ ಧೂಳು ಕೊಡವಿಕೊಂಡು ಎದ್ದು ಬಂದು ತುಷಾರನ ಕಿವಿಯಲ್ಲಿ ಹೇಳಿದರು: “ಇವ್ರು ಹಿಂಗ ಬಿಡೂದಿಲ್ಲ. ಇನ್ನೊಂದು ಬಾರಿಸ್ರಿ.”

ತುಷಾರ ಸಂಜಯನನ್ನು ನೋಡಿದ. ಸಂಜಯ ಅಭಿಜ್ಞಾಳನ್ನು ನೋಡಿದ.

“ಸರ್, ನಮ್ಮ ಹತ್ರ ಇರೋದು ಇದೊಂದೇ,” ಎಂದ ತುಷಾರ.

“ಹಂಗಾರ ಅದನ್ನ ಬಾರಿಸ್ರಿ. ಯಾರು ಬ್ಯಾಡ ಅಂತಾರ?”

ಎರಡನೇ ಸಲ ತುಷಾರ ಮೊದಲ ಸ್ವರವನ್ನು ಚಾಚಿ ಹಿಡಿದಾಗ ಅವನು ಎಣಿಸದೇ ಇದ್ದದ್ದು ನಡೆಯಿತು. ಗಂಟು ಬೀಳಬೇಕಾದ ಜಾಗದಲ್ಲಿ ಇಡೀ ಸಭೆ ಕಾಲಿನಿಂದ ನೆಲ ಒದೆಯಿತು. ಒಮ್ಮೆ ಕೇಳಿದ್ದಷ್ಟೇ, ಅವರಿಗೆ ಜಾಗ ಗೊತ್ತಿತ್ತು. ತುಷಾರನಿಗೆ ಕಣ್ಣು ಮಂಜಾಯಿತು. ಹಿಂದಿನ ಸಾಲಿನವರು ತಮ್ಮ ತಮ್ಮ ಗಂಟಲಲ್ಲಿ “ಉಂಬಳ” ಎಂದು ಗುರುಗುಟ್ಟಿದರು. ಆಮೇಲೆ ಎಲ್ಲವೂ ನಿಂತ ಆ ಜಾಗ ಬಂತು. ಈ ಸಲ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಜನ ಉಸಿರು ಕಟ್ಟಿ ಸಂಜಯನ ಕೋಲಿನ ತುದಿಯನ್ನೇ ನೋಡುತ್ತಿದ್ದರು. ಸಂಜಯ ಆ ಮೌನವನ್ನು ಅಭಿಜ್ಞಾ ಕೇಳಿದ್ದಕ್ಕಿಂತಲೂ ಉದ್ದ ಎಳೆದ.

ಕಾರ್ಯಕ್ರಮ ಮುಗಿದ ಮೇಲೆ ಅಂಗಳದಲ್ಲಿ ಒಬ್ಬ ಅಜ್ಜಿ ಅಭಿಜ್ಞಾಳ ಕೈ ಹಿಡಿದು, “ಕೊಳಲು ಯಾವಾಗ ತಂಗಿ?” ಎಂದು ಕೇಳಿದರು. ಉತ್ತರಿಸಲು ಬಾಯಿ ತೆರೆದರೆ ಅವಳಿಗೆ ಗಾಳಿ ಮಾತ್ರ ಬಂತು. ಎರಡು ಸಲ ಹಾಡಿ ದನಿ ಪೂರ್ತಿ ಕೂತುಹೋಗಿತ್ತು.

ಮನೆಯಲ್ಲಿ ಅಭಿಜ್ಞಾಳ ಅಪ್ಪ ಚಾ ಕುಡಿಯುತ್ತ ಕೂತಿದ್ದರು. ಕೆಲಸದ ಮೇಲೆ ಹೋಗಿದ್ದರಿಂದ ಅವರಿಗೆ ಬರಲಾಗಿರಲಿಲ್ಲ. “ಹೆಂಗಾತು?” ಎಂದು ಮಗಳನ್ನು ಕೇಳಿದರು. ಹೇಳಲು ಅವಳಲ್ಲಿ ನೂರು ಮಾತಿದ್ದವು. ಕೈ ಬೀಸಿದಳು, ನೆಲ ಒದ್ದಳು, ತುಟಿ ಅಲುಗಿಸಿದಳು. ಅಪ್ಪನಿಗೆ ಏನೂ ಅರ್ಥವಾಗಲಿಲ್ಲ.

ಸೀತಾ ಕೈಯಲ್ಲಿದ್ದ ಬಿಸಿನೀರಿನ ಲೋಟವನ್ನು ಮಗಳಿಗೆ ಕೊಟ್ಟರು. “ಆನು ಹೇಳ್ತೆ, ಕೇಳಿ. ಮೊದ್ಲು ಎಲ್ಲ ನೆಗ್ಯಾಡ್ದ. ಆಮೇಲೆ ಒಂದು ಪಿಳ್ಳೆನೂ ನೆಗ್ಯಾಡಲ್ಲೆ. ಕೂಸು ಹಿಂಗೆ ನಿಂತ್ಕಂಡು, ಹಿಂಗೆ ಹೇಳ್ತು.”

ಅವರು ಸೆರಗು ಸಿಕ್ಕಿಸಿ, ಕಾಲು ಅಗಲಿಸಿ ನಿಂತು, ಗಂಟಲು ಬಿಗಿಹಿಡಿದು ಗುರುಗುಟ್ಟಿದರು: “ಹತ್ತಿದ್ದು ತಿಳಿಯಲಿಲ್ಲ.” ಅಷ್ಟಕ್ಕೇ ಕೆಮ್ಮು ಬಂದು ಕಣ್ಣಲ್ಲಿ ನೀರು ಬಂತು. ಅಪ್ಪ ಚಾದ ಬಸಿಯನ್ನು ಕೆಳಗಿಟ್ಟು ಹೆಂಡತಿಯನ್ನೇ ನೋಡುತ್ತ ಉಳಿದರು.

ಅಭಿಜ್ಞಾ ತಲೆಯಾಡಿಸಿ ಎದ್ದುಬಂದಳು. ತಾಯಿಯ ಗಂಟಲನ್ನು ಮುಟ್ಟಿ, ಇಲ್ಲಿಂದ ಅಲ್ಲ ಎಂದು ಸನ್ನೆ ಮಾಡಿದಳು. ಅಂಗೈಯನ್ನು ಅವರ ಹೊಟ್ಟೆಯ ಮೇಲಿಟ್ಟು, ಇಲ್ಲಿಂದ ಎಂದು ಒತ್ತಿದಳು.

ಸೀತಾ ಮತ್ತೆ ಕಾಲು ಅಗಲಿಸಿ, ಹೊಟ್ಟೆ ತುಂಬ ಉಸಿರು ಎಳೆದುಕೊಂಡರು.